ಬೀಗ ಒಡೆದ ಮೇಲೆ

ಹುಲಸೂರಿನ ನಮ್ಮ ಓಣಿಯ ಹುಡುಗರು ಈಚೆಗೆ ಒಂದು ವಾದಕ್ಕೆ ಬಿದ್ದಿದ್ದರು. 2001ರಲ್ಲಿ ಬಂದ 'ಸೈಲೆಂಟ್ ಹಿಲ್ 2' ಎಂಬ ಹೆದರಿಸುವ ವಿಡಿಯೋ ಗೇಮನ್ನು 2024ರಲ್ಲಿ ಹೊಸದಾಗಿ ಮಾಡಿದ್ದಾರೆ. ಹಳೆಯದು ಮೇಲೋ ಹೊಸದು ಮೇಲೋ ಎಂಬುದು ಜಗಳ. "ಮಾಮೂ, ಎಲ್ಲಾ ಸ್ವಚ್ಛ ಕಂಡ್ರ ಅಂಜಿಕಿ ಎಲ್ಲಿಂದ ಬರಬೇಕು?" ಎಂದು ತಂಗಿಯ ಮಗ ನನ್ನನ್ನೇ ಕೇಳಿದ. ನಾನು ಗೇಮ್ ಆಡುವವನಲ್ಲ. ಆದರೆ ಪ್ರಶ್ನೆ ಮಾತ್ರ ತಲೆಯಲ್ಲಿ ಕುಳಿತುಬಿಟ್ಟಿತು.

ಅವನು ಹೇಳಿದ್ದರಲ್ಲಿ ಹುರುಳಿದೆ. 1999ರ ಮೊದಲ 'ಸೈಲೆಂಟ್ ಹಿಲ್' ತುಂಬ ಆ ಊರಿಗೆ ಕವಿದ ದಟ್ಟ ಮಂಜು ಬಡತನದ ಕೂಸು. ಅಂದಿನ ಯಂತ್ರಕ್ಕೆ ದೂರದ ಬೀದಿಯನ್ನು ಚಿತ್ರಿಸುವ ಶಕ್ತಿ ಇರಲಿಲ್ಲ, ಮಂಜಿನಿಂದ ಮುಚ್ಚಿದರು. ಮುಚ್ಚಿದ್ದೇ ಭಯವಾಯಿತು. 1996ರ 'ರೆಸಿಡೆಂಟ್ ಈವಿಲ್'ನಲ್ಲಿ ಕ್ಯಾಮೆರಾ ಕೋಣೆಯ ಮೂಲೆಯಲ್ಲಿ ನೆಟ್ಟಗೆ ನಿಂತಿರುತ್ತದೆ, ತಿರುವಿನಾಚೆ ಏನಿದೆ ಎಂದು ಆಡುವವನಿಗೆ ಕಾಣದು. ಅದರ ನಿರ್ದೇಶಕ ಶಿಂಜಿ ಮಿಕಾಮಿ 2002ರಲ್ಲಿ ತಾನೇ ಅದನ್ನು ಮತ್ತೆ ಮಾಡಿದಾಗ ಚಿತ್ರ ಎಷ್ಟೋ ಪಾಲು ಚೆಂದವಾಯಿತು, ಕ್ಯಾಮೆರಾ ಮಾತ್ರ ಮೂಲೆ ಬಿಡಲಿಲ್ಲ. ಸಾಲದ್ದಕ್ಕೆ, ಕೊಂದ ಹೆಣವನ್ನು ಸುಡದೆ ಬಿಟ್ಟರೆ ಅದು ಇನ್ನಷ್ಟು ರೊಚ್ಚಿನಿಂದ ಏಳುವಂತೆ ಮಾಡಿದ. 2019ರ 'ರೆಸಿಡೆಂಟ್ ಈವಿಲ್ 2' ಕ್ಯಾಮೆರಾವನ್ನು ಆಡುವವನ ಹೆಗಲ ಹಿಂದೆ ತಂದಿತು. ಆದರೆ ಕಾಣದ ಕೋಣೆಯಿಂದ ಹತ್ತಿರವಾಗುವ ಬೂಟಿನ ಸದ್ದಿನಲ್ಲಿ ಕಳೆದುದನ್ನು ಮರಳಿ ಗಳಿಸಿಕೊಂಡಿತು. ಅಂದರೆ ರೀಮೇಕ್ ಆದ ಮಾತ್ರಕ್ಕೆ ಭಯ ಸಾಯುವುದಿಲ್ಲ. ಮೂಲದಲ್ಲಿ ಏನನ್ನು ಮುಚ್ಚಿಡಲಾಗಿತ್ತು, ಯಾರ ಕಣ್ಣಿನಿಂದ ತೋರಿಸಲಾಗಿತ್ತು ಎಂಬುದು ಮತ್ತೆ ಮಾಡುವವನಿಗೆ ತಿಳಿದಿರಬೇಕು.

ಈ ಅಳತೆಗೋಲಿನಿಂದ ನಮ್ಮದೇ ಒಂದು ರೀಮೇಕನ್ನು ಅಳೆದು ನೋಡೋಣ ಎನಿಸಿತು. ಕನ್ನಡದಲ್ಲಿ ಭಯದ ರೀಮೇಕ್ ಎಂದರೆ ಮೊದಲು ನೆನಪಾಗುವುದು 2004ರ 'ಆಪ್ತಮಿತ್ರ'. ಮೂಲ 1993ರ ಮಲಯಾಳಂ 'ಮಣಿಚಿತ್ರತಾಳ್'. ಮಧು ಮುಟ್ಟಂ ಅವರ ಕಥೆ, ಫಾಝಿಲ್ ನಿರ್ದೇಶನ. ಹೆಸರಿನ ಅರ್ಥವೇ ಚಿತ್ತಾರದ ಬೀಗ. ನಮ್ಮ ಬಸವಕಲ್ಯಾಣ, ಹುಮನಾಬಾದ್ ಕಡೆಯ ಬಹಳ ಮಂದಿಗೆ ಈ ಕಥೆ ತಲುಪಿದ್ದು ಕನ್ನಡದಿಂದಲ್ಲ, 2007ರ ಹಿಂದಿ 'ಭೂಲ್ ಭುಲಯ್ಯಾ'ದಿಂದ. ಗಡಿಯವರ ಪಾಡೇ ಹಾಗೆ, ಬೆಂಗಳೂರಿಗಿಂತ ಮುಂಬಯಿ ಹತ್ತಿರ.

ಮೂಲದಲ್ಲಿ ಮೋಹನ್‌ಲಾಲ್ ದೊಡ್ಡ ನಟ. ಆದರೂ ಕಥೆ ಸಾಕಷ್ಟು ಮುಂದೆ ಸಾಗುವವರೆಗೆ ಅವರು ಪರದೆಗೇ ಬರುವುದಿಲ್ಲ. ಅಷ್ಟು ಹೊತ್ತು ನಾವು ಆ ಮನೆಯಲ್ಲಿ ಗಂಗೆಯ ಜೊತೆ, ಶೋಭನಾ ಅವರ ಜೊತೆ, ಓಡಾಡುತ್ತೇವೆ. ತಂದೆತಾಯಿ ಕಲ್ಕತ್ತೆಯಲ್ಲಿ, ಮಗು ಅಜ್ಜಿಯ ಬಳಿ ಹಳ್ಳಿಯಲ್ಲಿ. ಕಥೆ ಕೇಳುತ್ತ ಒಂಟಿಯಾಗಿ ಬೆಳೆದ ಹೆಣ್ಣು ಅವಳು. ಬೀಗ ತೆಗೆಸುವವಳೂ ಅವಳೇ. ಅನುಮಾನ ಮಾತ್ರ ಜಾತಕದ ದೋಷ ಹೊತ್ತ ಶ್ರೀದೇವಿಯ ಮೇಲೆ. ಆ ಪಾತ್ರ ಮಾಡಿದವರು ಕನ್ನಡದ ವಿನಯಾ ಪ್ರಸಾದ್. ನಾಗವಲ್ಲಿಯ ಪ್ರಿಯಕರನಾಗಿ ಕುಣಿದವರೂ ನಮ್ಮ ಶ್ರೀಧರ್. ಮನೆಯಲ್ಲಿ ಒಬ್ಬ ಹೆಣ್ಣಿನ ಮೇಲೆ ಎಲ್ಲರೂ ಕಣ್ಣಿಟ್ಟಿರುವಾಗ ಇನ್ನೊಬ್ಬಳು ಕಣ್ಣೆದುರೇ ಕುಸಿಯುತ್ತಿದ್ದಾಳೆ, ಯಾರಿಗೂ ಕಾಣುತ್ತಿಲ್ಲ. ಮಂಚವನ್ನು ಎತ್ತಿದ ಆ ಗಳಿಗೆಯಲ್ಲಿ ಮೈ ಜುಮ್ಮೆನ್ನುವುದು ಭೂತ ಬಂದಿತೆಂದಲ್ಲ, ಇಷ್ಟು ಹೊತ್ತು ನಾವೂ ನೋಡಲಿಲ್ಲವಲ್ಲ ಎಂದು. ಶೋಭನಾಗೆ ರಾಷ್ಟ್ರಪ್ರಶಸ್ತಿ ಸುಮ್ಮನೆ ಬರಲಿಲ್ಲ.

'ಆಪ್ತಮಿತ್ರ'ದಲ್ಲಿ ಪಿ. ವಾಸು ಘಟನೆಗಳನ್ನು ಬಹುಪಾಲು ಉಳಿಸಿಕೊಂಡರು. ಬದಲಾದದ್ದು ಕಣ್ಣು. ಹೆಸರೇ ಹೇಳುತ್ತದೆ: ಅಲ್ಲಿ ಬೀಗ, ಇಲ್ಲಿ ಮಿತ್ರ. ಮನೋವೈದ್ಯನಾಗಿ ವಿಷ್ಣುವರ್ಧನ್ ಇದ್ದಾರೆ ಎಂದಮೇಲೆ ಕಾಪಾಡುವವನು ಬಂದಾಯಿತು, ಇನ್ನು ಅಂಜಿಕೆ ಏಕೆ? ಮೂಲದಲ್ಲಿ ಕ್ರೂರಿ ಯಜಮಾನ ಬಹುಮಟ್ಟಿಗೆ ಬೇರೆಯವರ ಬಾಯಲ್ಲಿ ಕೇಳುವ ಹೆಸರು. ಕನ್ನಡದಲ್ಲಿ ಅವನು ರಾಜ ವಿಜಯ ರಾಜೇಂದ್ರ ಬಹಾದ್ದೂರ್ ಆಗಿ ಅದೇ ನಾಯಕನಟನ ಮುಖ ಹೊತ್ತು ಬರುತ್ತಾನೆ. ಜನ ಸೀಟಿ ಹೊಡೆದರು. ಸೀಟಿ ಹೊಡೆಯುವ ಬಾಯಿ ಹೆದರುವುದು ಕಷ್ಟ. 2005ರ ತಮಿಳು 'ಚಂದ್ರಮುಖಿ'ಯಲ್ಲಿ ರಜನೀಕಾಂತ್ ಆರಂಭದಲ್ಲೇ ಹೊಡೆದಾಟದೊಂದಿಗೆ ಇಳಿದು ಉಳಿದದ್ದನ್ನೂ ಮುಗಿಸಿದರು.

ಆದರೂ ಕನ್ನಡ ಚಿತ್ರವನ್ನು ಸೋತಿತೆಂದು ನಾನು ಬರೆಯಲಾರೆ. ಕಾರಣ ಸೌಂದರ್ಯ. ಮೂಲದಲ್ಲಿ ಮಲಯಾಳಿ ಗಂಗೆಯ ಬಾಯಲ್ಲಿ ತಂಜಾವೂರಿನ ತಮಿಳು ಬರುತ್ತದೆ, ಇಲ್ಲಿ ಕನ್ನಡದ ಗಂಗೆಯ ಬಾಯಲ್ಲಿ ತೆಲುಗು. (ಹಿಂದಿಯಲ್ಲಿ ಬಂಗಾಲಿ. ದೆವ್ವಕ್ಕೆ ಯಾವಾಗಲೂ ನೆರೆಯವರ ಭಾಷೆಯೇ ಏಕೆ? ಮನೆಯಲ್ಲಿ ದಖನಿ, ಓಣಿಯಲ್ಲಿ ಕನ್ನಡ, ಸಂತೆಯಲ್ಲಿ ಮರಾಠಿ ಆಡುವ ನಮಗೆ ಇದು ನಗು ತರಿಸುತ್ತದೆ, ಸ್ವಲ್ಪ ನೋವನ್ನೂ.) ಮುಳಬಾಗಿಲಿನಲ್ಲಿ ಹುಟ್ಟಿ ತೆಲುಗಿನಲ್ಲಿ ತಾರೆಯಾದ ಹೆಣ್ಣುಮಗಳಿಗೆ ಆ ಎರಡು ನಾಲಗೆ ಅಭಿನಯವೇ ಆಗಿರಲಿಲ್ಲ, ಬದುಕಾಗಿತ್ತು. 2004ರ ಏಪ್ರಿಲ್ 17ರಂದು ವಿಮಾನ ಅಪಘಾತದಲ್ಲಿ ಆಕೆ ತೀರಿಕೊಂಡರು, ಚಿತ್ರ ತೆರೆಗೆ ಬಂದದ್ದು ಆಗಸ್ಟಿನಲ್ಲಿ. ಕತ್ತಲ ಟಾಕೀಸಿನಲ್ಲಿ ಕುಳಿತವರಿಗೆ ಗೊತ್ತಿತ್ತು, ಎದುರಿಗೆ ಕುಣಿಯುತ್ತಿರುವವಳು ಇಲ್ಲ. ಆ ನಡುಕವನ್ನು ಯಾವ ನಿರ್ದೇಶಕನೂ ತರಲಾರ, ಮೂಲದಲ್ಲಿ ಅದು ಇಲ್ಲ.

ನನ್ನ ದೂರು ಮುಂದಿನದ್ದರ ಮೇಲೆ. 2009ರ ಡಿಸೆಂಬರಿನಲ್ಲಿ ವಿಷ್ಣುವರ್ಧನ್ ತೀರಿಕೊಂಡ ಮೇಲೆ, 2010ರಲ್ಲಿ ಬಂದ 'ಆಪ್ತರಕ್ಷಕ'ದಲ್ಲಿ ರಾಜ ಸತ್ತೇ ಇಲ್ಲ, ನೂರು ವರ್ಷ ದಾಟಿ ಬದುಕಿದ್ದಾನೆ. ಫಾಝಿಲ್ ಕಷ್ಟಪಟ್ಟು ಎಳೆದ ಗೆರೆ ಅಲ್ಲಿಗೆ ಅಳಿಸಿಹೋಯಿತು. ಮೂಲದಲ್ಲಿ ಮಂತ್ರವಾದಿಯೂ ಬರುತ್ತಾನೆ, ಆದರೆ ವೈದ್ಯನ ಮಾತು ಕೇಳಿ ಅವನ ಜೊತೆ ನಿಲ್ಲುತ್ತಾನೆ. ಗಂಗೆ ರೋಗಿ, ಗುಣವಾಗುವವಳು. ಹುಡುಗಿಯೊಬ್ಬಳ ದನಿ ಬದಲಾದರೆ "ಅಸರ್ ಆಗ್ಯಾದ" ಎಂದು ದರ್ಗಾಕ್ಕೆ, "ಗಾಳಿ ಸೋಂಕ್ಯಾದ" ಎಂದು ಗುಡಿಗೆ ಒಯ್ಯುವ ನಾಡಿನಲ್ಲಿ ಈ ಒಂದು ವ್ಯತ್ಯಾಸ ಸಣ್ಣದಲ್ಲ. ಜಿನ್ನ್‌ಗಳ ಅಸ್ತಿತ್ವವನ್ನು ನಂಬುವವನು ನಾನು. ಆದರೆ ಕಾಯಿಲೆಗೆಲ್ಲ ಅವುಗಳ ಹೆಸರಿಡುವುದು ನಂಬಿಕೆಯಲ್ಲ, ಸೋಮಾರಿತನ.

2024ರಲ್ಲಿ 'ಮಣಿಚಿತ್ರತಾಳ್' ಅನ್ನು 4ಕೆಗೆ ಶುದ್ಧಗೊಳಿಸಿ ಮತ್ತೆ ಬಿಡುಗಡೆ ಮಾಡಿದರು. ಚಿತ್ರ ಸ್ವಚ್ಛವಾಯಿತು, ಒಂದು ದೃಶ್ಯವನ್ನೂ ಬದಲಿಸಲಿಲ್ಲ. ತಂಗಿಯ ಮಗನಿಗೆ ಅದನ್ನೇ ತೋರಿಸಿದೆ. ಬೀಗ ತೆಗೆಯುವಲ್ಲಿ ಅವನು ಹೆದರಲಿಲ್ಲ. ಗಂಡ ಬೇಡವೆಂದಾಗ ಗಂಗೆ ಮೆಲ್ಲಗೆ ಮುಖ ತಿರುಗಿಸಿದಳಲ್ಲ, ಅಲ್ಲಿ ನನ್ನ ತೋಳು ಹಿಡಿದ.