ಉತ್ತಂಗಿ ಪಾದ್ರಿಗಳ ಸರ್ವಜ್ಞ

ಹಳೆ ಪುಸ್ತಕದಂಗಡಿಯಲ್ಲಿ ಸರ್ವಜ್ಞನ ವಚನಗಳ ಪುಸ್ತಕ ಕೈಗೆ ಸಿಕ್ಕರೆ ಮೊದಲು ಸಂಪಾದಕರ ಹೆಸರು ನೋಡಿ. ರೆವರೆಂಡ್ ಉತ್ತಂಗಿ ಚನ್ನಪ್ಪ ಎಂದಿದ್ದರೆ ಚೌಕಾಸಿಗೆ ಇಳಿಯಬೇಡಿ, ಕೊಂಡುಬಿಡಿ.

1881ರಲ್ಲಿ ಧಾರವಾಡದಲ್ಲಿ ಹುಟ್ಟಿದ ಚನ್ನಪ್ಪನವರು ಮಂಗಳೂರಿನ ಬಾಸೆಲ್ ಮಿಷನ್ ಸೆಮಿನರಿಯಲ್ಲಿ ಓದಿ ಪಾದ್ರಿಯಾದರು. ತಮ್ಮನ್ನು 'ತಿರುಳ್ಗನ್ನಡದ ತಿರುಕ' ಎಂದು ಕರೆದುಕೊಂಡರು. ತಿರಿದದ್ದು ತ್ರಿಪದಿಗಳನ್ನು. ಸರ್ವಜ್ಞನ ಪದಗಳು ಓಲೆಗರಿಯಲ್ಲಿ ಎಷ್ಟಿದ್ದವೋ ಅಷ್ಟೇ ಜನರ ಬಾಯಲ್ಲೂ ಇದ್ದವು. ಬಾಯಲ್ಲಿರುವುದನ್ನು ಪಡೆಯಲು ಜಗಲಿಯ ಮೇಲೆ ಕೂತು ಕೇಳುವ ವ್ಯವಧಾನ ಬೇಕು. ಹಳ್ಳಿ ಸುತ್ತುವ ಪಾದ್ರಿಗೆ ಅದು ಒದಗಿತು.

1924ರಲ್ಲಿ ಹೊರಬಂದ ಸಂಗ್ರಹದಲ್ಲಿ ಸುಮಾರು 2000 ವಚನಗಳಿವೆ. ಕೂಡಿಸುವುದಕ್ಕಿಂತ ಕಷ್ಟದ್ದು ಸೋಸುವ ಕೆಲಸ. ಕೊನೆಗೆ 'ಸರ್ವಜ್ಞ' ಎಂದು ಸೇರಿಸಿದರೆ ಯಾರ ಪದವೂ ಅವನದಾಗಿಬಿಡುತ್ತದೆ. ಜಾತಿ ಹಂಗಿಸುವವರೂ ಅದೇ ಅಂಕಿತ ಹಚ್ಚಿದ್ದಾರೆ. ಪದಗಳೇ ಹೇಳುವ ಮಾಸೂರು, ಅಂಬಲೂರಿನ ಸರ್ವಜ್ಞನ ಜನ್ಮವೃತ್ತಾಂತವನ್ನೂ ಒರೆಗೆ ಹಚ್ಚಬೇಕು. ಆ ಸೋಸುವಿಕೆ ಇವತ್ತಿಗೂ ಮುಗಿದಿಲ್ಲ. ಆದರೆ ಮುಗಿಸಲು ಹೊರಟವರೆಲ್ಲ ಇವರ ರಾಶಿಯಿಂದಲೇ ಮೊರಕ್ಕೆ ತುಂಬಿಕೊಳ್ಳಬೇಕು.

ಶರಣರ ಅನುಭವ ಮಂಟಪ ಇದ್ದದ್ದೇ ಸುಳ್ಳು ಎಂಬ ವಾದ ಎದ್ದಾಗ ಅದಕ್ಕೆ ಇದಿರಾಗಿ 1951ರಲ್ಲಿ 'ಅನುಭವ ಮಂಟಪದ ಐತಿಹಾಸಿಕತೆ' ಬರೆದವರೂ ಇದೇ ಪಾದ್ರಿ. ಶರಣರ ಪರ ವಕಾಲತ್ತು ಹಾಕಿದ್ದು ಚರ್ಚಿನ ಮನುಷ್ಯ! ನನಗೆ ಆ ಪುಸ್ತಕದ ಎಲ್ಲ ತೀರ್ಮಾನಗಳೂ ಒಪ್ಪಿಗೆಯಿಲ್ಲ. ಭಕ್ತಿ ಕೆಲವೆಡೆ ಸಾಕ್ಷ್ಯಕ್ಕಿಂತ ಮುಂದೆ ಓಡುತ್ತದೆ.

1949ರಲ್ಲಿ ಕಲಬುರಗಿಯ ಸಾಹಿತ್ಯ ಸಮ್ಮೇಳನಕ್ಕೆ ಅವರು ಅಧ್ಯಕ್ಷರು. ಆಗ ಕಲಬುರಗಿ ಹೈದರಾಬಾದ್ ರಾಜ್ಯದಲ್ಲಿತ್ತು. ಧಾರವಾಡ, ಸೊಲ್ಲಾಪುರ, ನಾಸಿಕ್ ಮುಂಬಯಿ ಪ್ರಾಂತ್ಯದಲ್ಲಿ. ಸೊನ್ನಲಿಗೆಯ, ಅಂದರೆ ಸೊಲ್ಲಾಪುರದ, ಶರಣ ಸಿದ್ಧರಾಮನ ಸಾಹಿತ್ಯವನ್ನು ಅವರು ಪುಸ್ತಕವಾಗಿ ತಂದದ್ದು 1955ರಲ್ಲಿ. ಮರುವರ್ಷ ನವೆಂಬರ್ 1ಕ್ಕೆ ಧಾರವಾಡ ಮೈಸೂರು ರಾಜ್ಯಕ್ಕೆ ಬಂತು, ಸಿದ್ಧರಾಮನ ಸೊಲ್ಲಾಪುರ ಮುಂಬಯಿ ರಾಜ್ಯದಲ್ಲೇ ಉಳಿಯಿತು.

ಚನ್ನಪ್ಪನವರು 1962ರಲ್ಲಿ ತೀರಿಕೊಂಡರು. ಸೊಲ್ಲಾಪುರ, ನಾಸಿಕ್ ಕಡೆಯ ಕನ್ನಡ ಬಳಗಗಳಿಗೆ ನನ್ನದೊಂದು ಕೋರಿಕೆ: ನಿಮ್ಮ ಗ್ರಂಥಾಲಯದ ಕಪಾಟಿನಲ್ಲಿ ಈ ಸರ್ವಜ್ಞ, ಈ ಸಿದ್ಧರಾಮ ಎರಡೂ ಇರಲಿ.