ರಾಮಧಾನ್ಯದ ತೀರ್ಪು ಮತ್ತು ನಮ್ಮ ತಟ್ಟೆ

ಕನಕದಾಸರ ‘ರಾಮಧಾನ್ಯ ಚರಿತ್ರೆ’ಯ ಕಥೆ ನಮ್ಮಲ್ಲಿ ಬಹಳ ಜನರಿಗೆ ಗೊತ್ತು. ಕಾವ್ಯವನ್ನೇ ಕೈಗೆತ್ತಿಕೊಂಡು ಓದಿದವರು ಮಾತ್ರ ಕಡಿಮೆ. ಲಂಕೆಯಿಂದ ಹಿಂದಿರುಗುವ ರಾಮ ದಾರಿಯಲ್ಲಿ ಮುನಿಯೊಬ್ಬರ ಆಶ್ರಮದಲ್ಲಿ ತಂಗುತ್ತಾನೆ. ಧಾನ್ಯಗಳಲ್ಲಿ ಯಾವುದು ಹೆಚ್ಚು ಎಂಬ ಮಾತು ಬರುತ್ತದೆ. ಗೌತಮರು ನರೆದಲೆಗನ, ಅಂದರೆ ರಾಗಿಯ, ಪಕ್ಷ ವಹಿಸುತ್ತಾರೆ. ಭತ್ತಕ್ಕೆ ಸಿಟ್ಟು ಬರುತ್ತದೆ. ಅದು ರಾಗಿಯ ಕುಲವನ್ನೆತ್ತಿ ಹೀಯಾಳಿಸುತ್ತದೆ. ರಾಗಿಯೂ ಸುಮ್ಮನಿರುವುದಿಲ್ಲ. ನೀನು ಉಳ್ಳವರ ಕಡೆಯವನು, ಬರಗಾಲದಲ್ಲಿ ಬಡವರ ಕೈಹಿಡಿಯುವವನು ನಾನು ಎಂದು ತಿರುಗಿ ಬೀಳುತ್ತದೆ. ರಾಮ ಇಬ್ಬರನ್ನೂ ಆರು ತಿಂಗಳು ಸೆರೆಯಲ್ಲಿಡಿಸುತ್ತಾನೆ. ಅವಧಿ ಮುಗಿದು ಹೊರಗೆ ತಂದಾಗ ಭತ್ತ ಸೊರಗಿರುತ್ತದೆ, ರಾಗಿ ಗಟ್ಟಿಯಾಗಿಯೇ ಇರುತ್ತದೆ. ರಾಮ ತನ್ನ ರಾಘವನೆಂಬ ಹೆಸರನ್ನೇ ರಾಗಿಗೆ ಕೊಡುತ್ತಾನೆ.

ನಮ್ಮ ಜಯನಗರದಲ್ಲಿ ಈಗ ಈ ಕಥೆಗೆ ಹೊಸ ಉಪಯೋಗವೊಂದು ಬಂದಿದೆ. ಬೆಳಗಿನ ವಾಕಿಂಗಿನಲ್ಲಿ, ಗೆಳತಿಯರ ಕೂಟದಲ್ಲಿ, ಮದುವೆ ಮನೆಯ ಪಂಕ್ತಿಯಲ್ಲಿ ಯಾರಾದರೂ ಆರೋಗ್ಯದ ಮಾತೆತ್ತಿದರೆ ಸಾಕು, “ರಾಮನೇ ತೀರ್ಪು ಕೊಟ್ಟಿದ್ದಾನಲ್ಲ!” ಎನ್ನುತ್ತಾರೆ. ಅನ್ನ ಬಿಡಿ, ರಾಗಿ ತಿನ್ನಿ, ಎಲ್ಲ ಸರಿಹೋಗುತ್ತದೆ ಎಂಬುದು ಈ ಮಾತಿನ ಸಾರ. ನನಗೆ ರಾಗಿಯ ಮೇಲೆ ಜಗಳವಿಲ್ಲ. ಕಾವ್ಯದ ಮೇಲಂತೂ ಇಲ್ಲವೇ ಇಲ್ಲ. ಆದರೆ ಹೀಗೆ ಓದಿದರೆ ಕಾವ್ಯಕ್ಕೂ ಅನ್ಯಾಯ, ಊಟಕ್ಕೂ ಅನ್ಯಾಯ ಎಂದು ನನ್ನ ತಕರಾರು.

ಮೊದಲು ಕಾವ್ಯದ ಮಾತು. ರಾಮ ಒಡ್ಡಿದ ಪರೀಕ್ಷೆ ಯಾವುದು? ಕೂಡಿಟ್ಟರೆ ಯಾವುದು ಕೆಡದೆ ಉಳಿಯುತ್ತದೆ ಎಂಬುದು. ಇದರಲ್ಲಿ ಕನಕದಾಸರ ಲೋಕಾನುಭವ ಎಷ್ಟೆಂದು ಮೆಚ್ಚಬೇಕು. ರಾಗಿಗೆ ಹುಳು ಬೀಳುವುದು ಅಪರೂಪ. ಹಗೇವಿನಲ್ಲಿ ತುಂಬಿ ಮುಚ್ಚಿದರೆ ವರ್ಷಗಟ್ಟಲೆ ಇರುತ್ತದೆ. ಮಳೆ ಕೈಕೊಟ್ಟ ವರ್ಷ ಬಯಲುಸೀಮೆಯ ಮನೆಗಳನ್ನು ಉಳಿಸಿದ್ದು ಆ ಹಗೇವುಗಳೇ. ಆದರೆ ಇದು ಬಾಳಿಕೆಯ ಪರೀಕ್ಷೆ. ಯಾವುದನ್ನು ಉಂಡರೆ ಮೈಗೆ ಏನು ಸಿಗುತ್ತದೆ ಎಂಬುದು ಅಲ್ಲಿನ ಪ್ರಶ್ನೆಯೇ ಅಲ್ಲ.

ಅಲ್ಲಿನ ನಿಜವಾದ ಪ್ರಶ್ನೆ ಮರ್ಯಾದೆಯದು. ಕೀಳೆಂದು ಪಕ್ಕಕ್ಕೆ ತಳ್ಳಿದ್ದನ್ನು ದೇವರ ಸಭೆಯಲ್ಲಿ ನಿಲ್ಲಿಸಿ ಗೆಲ್ಲಿಸಿದ್ದು ಈ ಕಾವ್ಯದ ದೊಡ್ಡತನ. ಜಯನಗರದವರಿಗೆ ಇದು ಬೇಗ ಅರ್ಥವಾಗಬೇಕು. 1948ರಲ್ಲಿ ಈ ಬಡಾವಣೆ ಹುಟ್ಟುವ ಮೊದಲು ಇಲ್ಲಿ ಸಿದ್ದಾಪುರ, ಭೈರಸಂದ್ರ, ಯಡಿಯೂರು ಇದ್ದವು. ಸುತ್ತಮುತ್ತ ರಾಗಿ ಉಂಡು ಬದುಕಿದ ಜನ. ನಂತರ ಬಂದ ಬ್ಲಾಕುಗಳ ಎಷ್ಟೋ ಮನೆಗಳಲ್ಲಿ ಊಟವೆಂದರೆ ಅನ್ನವೇ. ಕೆಲಸಕ್ಕೆ ಬರುವಾಕೆಯ ಡಬ್ಬಿಯಲ್ಲಿ ಮುದ್ದೆ, ಮನೆಯವರ ತಟ್ಟೆಯಲ್ಲಿ ಅನ್ನ. ಎರಡರ ನಡುವೆ ಹಿತ್ತಲ ಬಾಗಿಲು. ಈಗ ಸಕ್ಕರೆ ಕಾಯಿಲೆ ಮನೆಮನೆಗೂ ಬಂದ ಮೇಲೆ ಅದೇ ರಾಗಿ ಡಾಕ್ಟರ ಚೀಟಿ ಹಿಡಿದು ಮುಂಬಾಗಿಲಿನಿಂದ ಒಳಗೆ ಬಂದಿದೆ. ಅತ್ತ 2013ರಲ್ಲಿ ಅನ್ನಭಾಗ್ಯ ಶುರುವಾದ ಮೇಲೆ ಬಡವರ ಮನೆಗೆ ಅಕ್ಕಿ ಧಾರಾಳವಾಗಿ ಹೋಯಿತು. ಧಾನ್ಯಗಳು ಬಾಗಿಲು ಬದಲಾಯಿಸಿಕೊಂಡವು. 2023ನ್ನು ವಿಶ್ವಸಂಸ್ಥೆ ಸಿರಿಧಾನ್ಯ ವರ್ಷವೆಂದು ಕರೆದದ್ದೇ ತಡ, ನಾಲ್ಕನೆಯ ಬ್ಲಾಕಿನ ಅಂಗಡಿಗಳಲ್ಲಿ ರಾಗಿ ಬಣ್ಣದ ಪೊಟ್ಟಣ ಸೇರಿತು. ರಾಗಿ ಬಿಸ್ಕತ್ತೆಂದು ಕೊಂಡ ಪೊಟ್ಟಣವನ್ನು ತಿರುಗಿಸಿ ಸಣ್ಣ ಅಕ್ಷರ ಓದಿದರೆ ಎಷ್ಟೋ ಸಲ ಮೈದಾ, ಸಕ್ಕರೆಗಳೇ ಮುಂದೆ ನಿಂತಿರುತ್ತವೆ. ಅಂದು ಭತ್ತಕ್ಕಿದ್ದ ಜಂಬ ಈಗ ರಾಗಿಯ ತಲೆಗೇರುವ ಲಕ್ಷಣವಿದೆ. ಇದಕ್ಕೆ ಕನಕದಾಸರನ್ನು ಸಾಕ್ಷಿಗೆ ಕರೆಯುವುದು ಸರಿಯೇ?

ಇನ್ನು ಊಟದ ಮಾತು. ನೂರು ಗ್ರಾಂ ರಾಗಿಯಲ್ಲಿ ಸುಮಾರು 350 ಮಿಲಿಗ್ರಾಂ ಸುಣ್ಣದಂಶವಿದ್ದರೆ ಪಾಲಿಷ್ ಮಾಡಿದ ಅಕ್ಕಿಯಲ್ಲಿ ಇರುವುದು ಹತ್ತರ ಆಸುಪಾಸು. ಕಬ್ಬಿಣ, ನಾರು ಕೂಡ ರಾಗಿಯಲ್ಲಿ ಹೆಚ್ಚು. ಇಲ್ಲಿ ರಾಗಿ ಗೆದ್ದಿತು, ಒಪ್ಪೋಣ. ಆದರೆ ಪ್ರೋಟೀನಿನಲ್ಲಿ ಅದು ಅಕ್ಕಿಗಿಂತ ಮೇಲಲ್ಲ. ಎರಡರಲ್ಲೂ ನೂರಕ್ಕೆ ಏಳರ ಹತ್ತಿರ. ಮೂರರಲ್ಲಿ ಎರಡು ಪಾಲು ರಾಗಿಯೂ ಪಿಷ್ಟವೇ. ನುಣ್ಣಗೆ ಬೀಸಿದ ಹಿಟ್ಟಿನ ಗಂಜಿ ಕುಡಿದರೆ ರಕ್ತದ ಸಕ್ಕರೆ ಬೇಗನೆ ಏರುತ್ತದೆ. ಮುದ್ದೆಯ ಗಾತ್ರಕ್ಕೂ ಲೆಕ್ಕ ಬೇಕು. ರಾಗಿಯಲ್ಲಿರುವ ಫೈಟೇಟ್ ಎಂಬ ಅಂಶ ಕಬ್ಬಿಣವನ್ನು ಹಿಡಿದಿಟ್ಟುಕೊಂಡು ಮೈಗೆ ಸೇರಲು ಬಿಡುವುದಿಲ್ಲ. ನೆನೆಸಿ ಮೊಳಕೆ ಬರಿಸಿದರೆ ಆ ಹಿಡಿತ ಸಡಿಲುತ್ತದೆ. ಮಗುವಿನ ಸರಿಗೆಂದು ರಾಗಿಯನ್ನು ಮೊಳಕೆ ಕಟ್ಟುತ್ತಿದ್ದ ಅಜ್ಜಿಯರಿಗೆ ಫೈಟೇಟಿನ ಹೆಸರು ಗೊತ್ತಿರಲಿಲ್ಲ, ಕೆಲಸ ಗೊತ್ತಿತ್ತು.

ಅಂದಮೇಲೆ ರಾಗಿಯೋ ಅಕ್ಕಿಯೋ ಎಂಬ ಮೊಕದ್ದಮೆಯೇ ಚಿಕ್ಕದು. ಮುದ್ದೆಯ ಪಕ್ಕದಲ್ಲಿ ಏನಿತ್ತು ಎಂದು ಯಾರೂ ಕೇಳುವುದಿಲ್ಲ. ಬಸ್ಸಾರು, ಮಸ್ಸೊಪ್ಪು, ಮೊಳಕೆ ಹುರುಳಿಯ ಸಾರು, ಚಳಿಗಾಲದಲ್ಲಿ ಅವರೆಕಾಳು. ಕಾಳು ಮತ್ತು ಧಾನ್ಯ ಒಂದರ ಕೊರತೆಯನ್ನು ಇನ್ನೊಂದು ತುಂಬಿ ಪ್ರೋಟೀನನ್ನು ಪೂರ್ಣ ಮಾಡುತ್ತವೆ. ಸೊಪ್ಪಿನ ಮೇಲೆ ಹಿಂಡಿದ ನಿಂಬೆಹಣ್ಣು ಕಬ್ಬಿಣ ಮೈಗೆ ಹತ್ತಲು ನೆರವಾಗುತ್ತದೆ. ಊಟದ ಬೆನ್ನಿಗೇ ಕುಡಿದ ಕಾಫಿ, ಟೀ ಅದನ್ನು ತಡೆಯುತ್ತವೆ. ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆ 2024ರಲ್ಲಿ ಹೊರತಂದ ಮಾರ್ಗದರ್ಶಿಯಲ್ಲೂ ದಿನದ ಶಕ್ತಿಯಲ್ಲಿ ಧಾನ್ಯದ ಪಾಲು ನೂರಕ್ಕೆ 45ನ್ನು ಮೀರಬಾರದು ಎಂದಿದೆ. ನಾವೋ ಸಸ್ಯಾಹಾರಿಗಳೆಂದು ಹೇಳಿಕೊಳ್ಳುತ್ತೇವೆ, ತಟ್ಟೆ ನೋಡಿದರೆ ಧಾನ್ಯಾಹಾರಿಗಳು. ಬೆಳಿಗ್ಗೆ ಇಡ್ಲಿ, ಮಧ್ಯಾಹ್ನ ಅನ್ನ, ಸಂಜೆ ದರ್ಶಿನಿಯ ಮಸಾಲೆದೋಸೆ, ರಾತ್ರಿ ಮತ್ತೆ ಅನ್ನ. ಪಲ್ಯ ತಟ್ಟೆಯ ಮೂಲೆಯಲ್ಲಿ, ಉಪ್ಪಿನಕಾಯಿಯ ನೆರೆಮನೆಯಲ್ಲಿ. ಇದರಲ್ಲಿ ಅನ್ನದ ಜಾಗಕ್ಕೆ ಮುದ್ದೆಯನ್ನು ಕೂರಿಸಿ ಉಳಿದದ್ದನ್ನು ಹಾಗೆಯೇ ಬಿಟ್ಟರೆ ಬದಲಾದದ್ದು ಬಣ್ಣ ಮಾತ್ರ. ಸಸ್ಯಮೂಲದ ಊಟದಲ್ಲಿ ಬಿ-12 ಜೀವಸತ್ವ ಸಿಗುವುದಿಲ್ಲ. ಅದಕ್ಕೆ ಹಾಲು ಮೊಸರು ಬೇಕು, ತಿನ್ನುವವರಿಗೆ ಮೊಟ್ಟೆ ಮೀನು ಉಂಟು. ಅದೂ ಇಲ್ಲವೆಂದರೆ ಡಾಕ್ಟರನ್ನು ಕೇಳಿ ಮಾತ್ರೆ ತೆಗೆದುಕೊಳ್ಳಬೇಕು.

ಕಾವ್ಯದ ಮೇಲೆ ನನ್ನದೊಂದು ಕೊರಗಿದೆ, ಹೇಳಿಬಿಡುತ್ತೇನೆ. ಅಲ್ಲಿ ವಾದ ಮಾಡುವವರು ಧಾನ್ಯಗಳು, ಪಕ್ಷ ವಹಿಸುವವರು ಮುನಿಗಳು, ತೀರ್ಪು ಕೊಡುವವನು ರಾಮ. ಒಲೆಯ ಮುಂದೆ ಕೂತವಳನ್ನು ಒಮ್ಮೆ ಸಾಕ್ಷಿಗೆ ಕರೆದಿದ್ದರೆ! ಯಾವುದು ಶ್ರೇಷ್ಠ ಎಂದು ಅವಳು ಹೇಳುತ್ತಿದ್ದಳೋ ಇಲ್ಲವೋ, ಬಡಿಸಿದ ಮೇಲೆ ಪಾತ್ರೆಯಲ್ಲಿ ಏನು ಉಳಿಯುತ್ತದೆ ಎಂದಾದರೂ ಹೇಳುತ್ತಿದ್ದಳು. ಇದು ಹಳೆಯ ಕಥೆಯಲ್ಲ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ 15ರಿಂದ 49 ವಯಸ್ಸಿನ ಹೆಂಗಸರಲ್ಲಿ ನೂರಕ್ಕೆ ಸುಮಾರು 48 ಜನರಿಗೆ ರಕ್ತಹೀನತೆ. ಅಂದರೆ ನಮ್ಮ ಗೆಳತಿಯರ ಕೂಟದಲ್ಲಿ ರಾಗಿಯ ಗುಣಗಾನ ಮಾಡುವವರಲ್ಲೂ ಹತ್ತಿರ ಹತ್ತಿರ ಅರ್ಧ ಜನ ಇದ್ದಾರು. ಮೆಟ್ಟಿಲು ಹತ್ತಿದರೆ ಏದುಸಿರು, “ವಯಸ್ಸಾಯ್ತಲ್ಲ” ಎಂದು ನಗು.

ಇದಕ್ಕೆ ಕಾರಣ ಹಲವು. ಆದರೆ ಒಂದು ನಮ್ಮ ಅಡುಗೆಮನೆಯಲ್ಲೇ ಇದೆ. ಬೇಳೆ ತಳದಿಂದ ಬಗ್ಗಿಸಿ ಗಂಡನಿಗೆ, ಸೊಪ್ಪಿನ ಪಲ್ಯ ಮಕ್ಕಳಿಗೆ, ಗಟ್ಟಿ ಮೊಸರು ಮಾವನವರಿಗೆ. ಕೊನೆಗೆ ಕೂತವಳಿಗೆ ತಿಳಿಸಾರು, ಅನ್ನ, ಮಜ್ಜಿಗೆ, ಮೇಲೊಂದು ಲೋಟ ಕಾಫಿ. ಈ ತಟ್ಟೆಯನ್ನು ಯಾವ ಶಾಸ್ತ್ರವೂ ಮಾಂಸಾಹಾರ ಎನ್ನುವುದಿಲ್ಲ, ಸಾತ್ವಿಕವೇ. ಪೌಷ್ಟಿಕವೇ ಎಂದು ಮಾತ್ರ ಕೇಳಬಾರದು. ಮನೆಯ ಊಟ ಚೆನ್ನಾಗಿದೆಯೇ ಎಂದು ತಿಳಿಯಬೇಕಾದರೆ ಮೊದಲ ಪಂಕ್ತಿಯ ತಟ್ಟೆ ನೋಡಿ ಪ್ರಯೋಜನವಿಲ್ಲ. ಕೊನೆಗೆ ಕೂತವಳ ತಟ್ಟೆ ನೋಡಬೇಕು.

ರಾಮಧಾನ್ಯದ ಕೊನೆಯಲ್ಲಿ ಸೋತ ಭತ್ತವನ್ನೂ ರಾಮ ಸಮಾಧಾನಪಡಿಸುತ್ತಾನೆ, ಇಬ್ಬರಿಗೂ ಲೋಕದಲ್ಲಿ ಜಾಗವುಂಟು ಎನ್ನುತ್ತಾನೆ. ರಾಗಿಯ ಜಾಹೀರಾತು ಮಾಡುವವರು ಈ ಭಾಗವನ್ನು ನೆನೆಯುವುದೇ ಇಲ್ಲ. ಕಾವ್ಯ ದೊಡ್ಡದೇನಲ್ಲ, ಒಂದು ಮಧ್ಯಾಹ್ನದಲ್ಲಿ ಓದಿ ಮುಗಿಸಬಹುದು. ದಯವಿಟ್ಟು ಓದಿ. ಅದಕ್ಕೆ ಮುಂಚೆ ಎಲ್ಲರ ಜೊತೆಗೇ ಕೂತು ಊಟ ಮಾಡಿ, ಸೊಪ್ಪನ್ನು ನಿಮ್ಮ ತಟ್ಟೆಗೂ ಬಡಿಸಿಕೊಳ್ಳಿ. ಕಾಫಿ ಒಂದು ಗಂಟೆ ಕಾಯಲಿ.