ಹಳೆಯ ಬೆಂಗಳೂರಿನ ಹಳಹಳಿಕೆ

ಬೆಂಗಳೂರನ್ನು ಕುರಿತು ಬರೆದವರು ಹಿಂದೆಯೂ ಇದ್ದರು. ಆದರೆ ಈಚಿನ ಇಪ್ಪತ್ತು ಇಪ್ಪತ್ತೈದು ವರ್ಷಗಳಲ್ಲಿ ‘ನಮ್ಮ ಕಾಲದ ಬೆಂಗಳೂರು’ ಎಂಬುದು ಕನ್ನಡದಲ್ಲಿ ಒಂದು ಪ್ರತ್ಯೇಕ ಸಾಹಿತ್ಯಪ್ರಕಾರವೇ ಆಗಿ ಬೆಳೆದಿದೆ ಎಂದರೆ ತಪ್ಪಾಗಲಾರದು. ಅಂಕಣಗಳಲ್ಲಿ, ಅಭಿನಂದನ ಗ್ರಂಥಗಳಲ್ಲಿ, ನಿವೃತ್ತರ ಆತ್ಮಕಥೆಗಳಲ್ಲಿ, ಬಡಾವಣೆಯ ಸಂಘಗಳು ಹೊರತರುವ ಸ್ಮರಣಸಂಚಿಕೆಗಳಲ್ಲಿ ಅದು ನಮಗೆ ಎದುರಾಗುತ್ತದೆ. ಹಳೆಯ ಚಂಪೂಕವಿಗೆ ಅಷ್ಟಾದಶ ವರ್ಣನೆಗಳು ಇದ್ದಂತೆ ಈ ಬರಹಗಾರರಿಗೂ ಕೆಲವು ಕಡ್ಡಾಯ ವರ್ಣನೆಗಳುಂಟು. ಬೇಸಗೆಯಲ್ಲಿಯೂ ಫ್ಯಾನು ಬೇಕಾಗಿರಲಿಲ್ಲವೆಂಬುದು ಮೊದಲನೆಯದು. ಬಳಿಕ ಸ್ವೆಟರು, ಜಟಕಾ ಗಾಡಿ, ಡಬ್ಬಲ್ ಡೆಕ್ಕರ್ ಬಸ್ಸು, ಕೆಲವೇ ಕಾಸಿಗೆ ಸಿಗುತ್ತಿದ್ದ ಮಸಾಲೆದೋಸೆ, ಪಾರ್ಕಿನ ಕಲ್ಲುಬೆಂಚು, ಬಸವನಗುಡಿಯ ಕಡಲೆಕಾಯಿ ಪರಿಷೆ. ಕಡೆಗೊಂದು ನಿಟ್ಟುಸಿರು. ಕಡಲೆಕಾಯಿ ಪರಿಷೆ ಇಂದಿಗೂ ಪ್ರತಿ ಕಾರ್ತಿಕದ ಕೊನೆಯ ಸೋಮವಾರ ನಡೆಯುತ್ತಲೇ ಇದೆ. ಕಾಲಿಡಲು ತೆರಪಿಲ್ಲದಷ್ಟು ಜನ ಸೇರುತ್ತಾರೆ. ಆದರೂ ಈ ಬರಹಗಳಲ್ಲಿ ಅದು ಎಂದೋ ನಿಂತುಹೋಗಿದೆ.

ಇಂಥ ಬರಹಗಳನ್ನು ನಾನು ತಿರಸ್ಕಾರದಿಂದ ಓದುವವನಲ್ಲ. ನಾನೂ ಈ ಊರಿನಲ್ಲಿಯೇ ಬೆಳೆದವನು. ಮಹಾತ್ಮಾ ಗಾಂಧಿ ರಸ್ತೆಯ ಒಂದು ಬದಿಗೆ ಮರಗಳ ನೆರಳಿನಲ್ಲಿದ್ದ ಕಾಲುದಾರಿ ಮೆಟ್ರೋ ಕಾಮಗಾರಿಯಲ್ಲಿ ಹೋದುದಕ್ಕೆ ನನಗೂ ಸಂಕಟವಿದೆ. ಆದರೆ ಕನ್ನಡವನ್ನು ಪಾಠ ಹೇಳಿ ಹೊಟ್ಟೆ ಹೊರೆಯುವವನಿಗೆ ಒಂದು ದುರಭ್ಯಾಸವಿರುತ್ತದೆ: ಅಳುವವರ ವ್ಯಾಕರಣವನ್ನೂ ಅವನು ಗಮನಿಸುತ್ತಾನೆ. ಈ ಪ್ರಕಾರದ ಗುಣದೋಷಗಳು ಅದರ ಭಾವದಲ್ಲಿರುವುದಕ್ಕಿಂತ ವ್ಯಾಕರಣದಲ್ಲಿಯೇ ಹೆಚ್ಚಾಗಿವೆ ಎಂಬುದು ನನ್ನ ಅಭಿಪ್ರಾಯ.

ಕ್ರಿಯಾಪದಗಳನ್ನು ನೋಡಿ. ಹೋಗುತ್ತಿದ್ದೆವು, ತಿನ್ನುತ್ತಿದ್ದೆವು, ಬೀಸುತ್ತಿತ್ತು, ಅರಳುತ್ತಿತ್ತು. ಪುಟದ ಮೇಲೆ ಪುಟ ತಿರುಗಿಸಿದರೂ ‘ಹೋದೆ’, ‘ಕೇಳಿದೆ’, ‘ಬಿದ್ದಿತು’ ಎಂಬ ಮಾತು ಅಪರೂಪ. ಎಲ್ಲವೂ ರೂಢಿ, ಯಾವುದೂ ಘಟನೆಯಲ್ಲ. ದಿನವೂ ನಡೆಯುವ ಸಂಗತಿಗೆ ಆದಿಯಿಲ್ಲ, ಅಂತ್ಯವಿಲ್ಲ, ಹೊಣೆಗಾರನಿಲ್ಲ. ಹಾಗೆ ಬರೆದ ಊರಿನಲ್ಲಿ ಯಾರೂ ಸಾಯುವುದಿಲ್ಲ, ಯಾರಿಗೂ ಸಾಲವಿಲ್ಲ. 1898ರಲ್ಲಿ ಪ್ಲೇಗು ಬಂದು ಪೇಟೆಯ ಇಕ್ಕಟ್ಟಿನ ಬೀದಿಗಳಿಂದ ಜನ ಓಡಿಹೋಗದಿದ್ದರೆ, ಆಗತಾನೆ ಗೆರೆ ಎಳೆದಿದ್ದ ಬಸವನಗುಡಿ ಮಲ್ಲೇಶ್ವರಗಳು ಅಷ್ಟು ಬೇಗ ತುಂಬುತ್ತಿರಲಿಲ್ಲ. ಇಂದು ಯಾವ ಬಡಾವಣೆಗಳ ಹೆಸರೆತ್ತಿದರೆ ನಮ್ಮ ಲೇಖಕರ ಕಂಠ ಗದ್ಗದವಾಗುವುದೋ, ಆ ಬಡಾವಣೆಗಳು ಒಂದು ಮಹಾಮಾರಿಯ ಭಯದಿಂದ ಬೆಳೆದವು. ಎಷ್ಟೋ ನೆನಪಿನ ಬರಹಗಳಲ್ಲಿ ಆ ಒಂದು ವರ್ಷಕ್ಕೆ ಒಂದು ವಾಕ್ಯವೂ ಇಲ್ಲ.

ಇನ್ನು ಸರ್ವನಾಮ. ‘ನಾವು’ ಎಂಬ ಪದ ಈ ಪ್ರಕಾರದ ಜೀವಾಳ. ತೆಲುಗಿನಲ್ಲಿ ಮನಂ ಬೇರೆ, ಮೇಮು ಬೇರೆ; ತಮಿಳಿನಲ್ಲಿ ನಾಮ್ ಬೇರೆ, ನಾಂಗಳ್ ಬೇರೆ. ಕೇಳುವವನನ್ನೂ ಸೇರಿಸಿಕೊಂಡ ‘ನಾವು’ ಒಂದು, ಅವನನ್ನು ಹೊರಗಿಟ್ಟ ‘ನಾವು’ ಇನ್ನೊಂದು. ನಮ್ಮ ಇಂದಿನ ಕನ್ನಡದಲ್ಲಿ ಈ ಭೇದವಿಲ್ಲ. ಬೆಂಗಳೂರಿನಲ್ಲಿ ಈ ಮೂರು ಭಾಷೆಗಳೂ ಒಂದೇ ಬೀದಿಯಲ್ಲಿ ಕೇಳಿಬರುತ್ತವೆಯಾದರೂ, ಹಳೆಯ ಬೆಂಗಳೂರಿನ ಕನ್ನಡ ಲೇಖಕನಿಗೆ ಈ ಕೊರತೆಯೇ ಅನುಕೂಲವಾಗಿ ಪರಿಣಮಿಸಿದೆ. ‘ನಾವು ಸಂಜೆ ಗಾಂಧಿ ಬಜಾರಿನಲ್ಲಿ ಅಡ್ಡಾಡುತ್ತಿದ್ದೆವು’ ಎಂದಾಗ ಆ ‘ನಾವು’ವಿನಲ್ಲಿ ಬಿನ್ನಿ ಮಿಲ್ಲಿನ ಪಾಳಿ ಮುಗಿಸಿ ಬಂದವನು ಇದ್ದನೇ? ಬೀದಿ ಗುಡಿಸಿದವಳು ಇದ್ದಳೇ? ಆಗ ಊರು ಎರಡಾಗಿತ್ತು ಎಂಬುದನ್ನೂ ಮರೆಯಬಾರದು. 1809ರಲ್ಲಿ ಸ್ಥಾಪಿತವಾದ ದಂಡಿಗೂ ಪೇಟೆಗೂ ಬೇರೆ ಬೇರೆ ಆಡಳಿತಗಳು. ಅವು ಒಂದೇ ಕಾರ್ಪೊರೇಷನ್ನಿನ ಕೆಳಗೆ ಬಂದದ್ದು 1949ರಲ್ಲಿ. ಇಂಗ್ಲಿಷಿನಲ್ಲಿ ಹಳಹಳಿಸುವವರ ಊರಿನಲ್ಲಿ ಸೌತ್ ಪೆರೇಡು, ಪ್ಲಾಜಾ ಟಾಕೀಸು, ಹೆಂಚಿನ ಬಂಗಲೆ. ಕನ್ನಡದಲ್ಲಿ ಹಳಹಳಿಸುವವರ ಊರಿನಲ್ಲಿ ಗಾಂಧಿ ಬಜಾರು, ರಾಮೋತ್ಸವದ ಸಂಗೀತ, ಪಾನಕ, ಕೋಸಂಬರಿ. ಕಲಾಸಿಪಾಳ್ಯವೂ ಕಾಟನ್‌ಪೇಟೆಯೂ ಶ್ರೀರಾಮಪುರವೂ ಎರಡು ಊರುಗಳಿಗೂ ಸೇರದೆ ಹೊರಗೆ ನಿಂತಿರುತ್ತವೆ.

ಭಾಷೆ ಕೆಟ್ಟಿತೆಂಬ ದೂರು ಬೇರೆ. ಆಗಿನ ಬೆಂಗಳೂರಿನಲ್ಲಿ ಅಚ್ಚಗನ್ನಡವಿತ್ತಂತೆ, ಈಗ ಇಂಗ್ಲಿಷು ಬೆರೆತು ಹದಗೆಟ್ಟಿತಂತೆ. ಕೈಲಾಸಂ ತೀರಿಕೊಂಡದ್ದು 1946ರಲ್ಲಿ. ಅವರ ಪಾತ್ರಗಳ ಬಾಯಲ್ಲಿ ಕನ್ನಡದಷ್ಟೇ ಇಂಗ್ಲಿಷೂ ಹರಿದಾಡುವುದನ್ನು ವಾಚಕರು ಬಲ್ಲರು. ಆ ಮಾತನ್ನು ಕೇಳಿ ನಕ್ಕ ಪ್ರೇಕ್ಷಕರು ಅಂಥ ಮಾತನ್ನು ಮನೆಯಲ್ಲಿ ಕೇಳದೇ ಬಂದವರೇನಲ್ಲ.

ಎಲ್ಲಕ್ಕಿಂತ ಮುಖ್ಯವಾದ ದೋಷವೆಂದರೆ ಈ ವಾಕ್ಯಗಳಲ್ಲಿ ಕರ್ತೃವಿಲ್ಲದಿರುವುದು. ಕೆರೆಗಳು ‘ಮಾಯವಾದವು’, ಮರಗಳು ‘ಕಣ್ಮರೆಯಾದವು’. ಕೆರೆ ಮಾಯವಾಗಲು ಅದೇನು ಯಕ್ಷನೇ? ಧರ್ಮಾಂಬುಧಿ ಕೆರೆಯ ಅಂಗಳದಲ್ಲಿ ಇಂದು ಕೆಂಪೇಗೌಡ ಬಸ್ ನಿಲ್ದಾಣವಿದೆ. ಪಕ್ಕದ ರಸ್ತೆಗೆ ಈಗಲೂ ಟ್ಯಾಂಕ್ ಬಂಡ್ ರಸ್ತೆಯೆಂದೇ ಹೆಸರು. ಸಂಪಂಗಿ ಕೆರೆಯ ನೆಲದಲ್ಲಿ ಕಂಠೀರವ ಕ್ರೀಡಾಂಗಣ, ಕೋರಮಂಗಲದ ಕೆರೆಯ ನೆಲದಲ್ಲಿ ರಾಷ್ಟ್ರೀಯ ಕ್ರೀಡಾಗ್ರಾಮ. ಇವು ಕಾಲಮಹಿಮೆಯಿಂದ ಆದವಲ್ಲ. 1890ರ ದಶಕದಲ್ಲಿ ಹೆಸರಘಟ್ಟದ ನೀರು ಕೊಳವೆಯಲ್ಲಿ ಬರತೊಡಗಿತು. 1933ರಲ್ಲಿ ತಿಪ್ಪಗೊಂಡನಹಳ್ಳಿಯದು ಬಂದಿತು. 1974ರಲ್ಲಿ ನೂರು ಕಿಲೋಮೀಟರು ದೂರದ ಕಾವೇರಿಯೇ ಮೇಲೇರಿ ಬಂದಳು. ಮನೆಯ ನಲ್ಲಿಯಲ್ಲಿ ನೀರು ಬಂದಷ್ಟೂ ಊರೊಳಗಿನ ಕೆರೆ ನಮಗೆ ಬೇಡವಾಯಿತು. ಬೇಡವಾದ ಕೆರೆಗೆ ಮೊದಲು ಚರಂಡಿ ತಿರುಗಿಸಿದೆವು, ಆಮೇಲೆ ಮಣ್ಣು ತುಂಬಿ ನಿವೇಶನ ಹಂಚಿಕೊಂಡೆವು. ಇಲ್ಲಿ ಮಾತ್ರ ‘ನಾವು’ ಎಂಬ ಪದವನ್ನು ಧಾರಾಳವಾಗಿ ಬಳಸಬಹುದು. ವಿಚಿತ್ರವೆಂದರೆ ಇಲ್ಲಿಯೇ ಅದನ್ನು ಯಾರೂ ಬಳಸುವುದಿಲ್ಲ. ಬೆಳ್ಳಂದೂರು ಕೆರೆಯ ನೊರೆಗೆ 2015ರಲ್ಲಿ ಬೆಂಕಿ ಹತ್ತಿದಾಗಲೂ ನೆನಪಿನ ಲೇಖಕರು ತಮ್ಮ ಬಾಲ್ಯದ ತಾವರೆಗಳನ್ನು ನೆನೆದು ನಿಟ್ಟುಸಿರಿಟ್ಟರು. ಸೋಪಿನ ನೀರು ಯಾರ ಮನೆಯಿಂದ ಹೊರಟದ್ದೆಂದು ಕೇಳಲಿಲ್ಲ.

ಮರಗಳ ವಿಷಯವೂ ಹೀಗೆಯೇ. ಬೆಂಗಳೂರಿನ ಸಾಲುಮರಗಳು ತಾವಾಗಿ ಮೊಳೆತವಲ್ಲ. 1908ರಲ್ಲಿ ಇಲ್ಲಿಗೆ ಬಂದ ಜರ್ಮನ್ ತೋಟಗಾರ ಕ್ರುಂಬಿಗಲ್, ಒಂದು ಬೀದಿಯ ಹೂ ಉದುರುವ ಹೊತ್ತಿಗೆ ಇನ್ನೊಂದು ಬೀದಿ ಹೂವೇರುವಂತೆ ಲೆಕ್ಕಹಾಕಿ ನೆಡಿಸಿದರು. 1980ರ ದಶಕದಲ್ಲಿ ಅರಣ್ಯಾಧಿಕಾರಿ ಎಸ್. ಜಿ. ನೇಗಿನಹಾಳರು ಲಕ್ಷಾಂತರ ಸಸಿಗಳನ್ನು ಹಾಕಿಸಿದರು. ‘ನಮ್ಮ ತಾತನ ಕಾಲದ ನೆರಳು’ ಎಂದು ನಾವು ಕೊಂಡಾಡುವ ನೆರಳಿನಲ್ಲಿ ಎಷ್ಟೋ ಭಾಗ ಅದನ್ನು ಕೊಂಡಾಡುವವರಿಗಿಂತ ಕಿರಿಯದು. ಇದನ್ನು ಹೇಳಿದರೆ ಕೆಲವರಿಗೆ ರಸಭಂಗವಾಗುತ್ತದೆ. ನನಗಂತೂ ಒಬ್ಬ ಅಧಿಕಾರಿ ಮನಸ್ಸು ಮಾಡಿದರೆ ನಲವತ್ತು ವರ್ಷದಲ್ಲಿ ಒಂದು ‘ಹಳೆಯ ಬೆಂಗಳೂರು’ ಬೆಳೆಯುತ್ತದೆ ಎಂಬ ಸಂಗತಿ ಹೆಚ್ಚು ರಸವತ್ತಾಗಿ ಕಾಣುತ್ತದೆ.

ಹೊರಗಿನವರು ಬಂದು ಊರು ಕೆಟ್ಟಿತೆಂಬ ಮಾತು ಈ ಬರಹಗಳಲ್ಲಿ ಕೆಲವೊಮ್ಮೆ ಬಾಯಿಬಿಟ್ಟೂ ಹೆಚ್ಚಿನ ವೇಳೆ ಧ್ವನಿಯಾಗಿಯೂ ಬರುತ್ತದೆ. 1941ರ ಜನಗಣತಿಯಲ್ಲಿ ಸುಮಾರು 4 ಲಕ್ಷವಿದ್ದ ಜನಸಂಖ್ಯೆ 1951ರಲ್ಲಿ ಸುಮಾರು 7 ಲಕ್ಷ 80 ಸಾವಿರವಾಯಿತು. ಅಂದರೆ ಯಾವ ಕಾಲವನ್ನು ನಮ್ಮ ಹಿರಿಯರು ಪ್ರಶಾಂತ ಬೆಂಗಳೂರೆಂದು ಕರೆಯುತ್ತಾರೋ ಆ ಕಾಲದಲ್ಲಿಯೇ ಊರು ಹತ್ತು ವರ್ಷದಲ್ಲಿ ಹತ್ತಿರಹತ್ತಿರ ಇಮ್ಮಡಿಯಾಗಿತ್ತು. ಬಂದವರು ಯಾರು? ಹಳಹಳಿಸುತ್ತಿರುವವರ ತಂದೆತಾಯಿಗಳೇ.

ಹಾಗಾದರೆ ಊರನ್ನು ನೆನೆಯುವುದೇ ತಪ್ಪೇ ಎಂದು ಯಾರಾದರೂ ಕೇಳಬಹುದು. ನೆನಪು ಬೇರೆ, ಹಳಹಳಿಕೆ ಬೇರೆ. ಡಿ. ವಿ. ಗುಂಡಪ್ಪನವರ ‘ಜ್ಞಾಪಕ ಚಿತ್ರಶಾಲೆ’ಯನ್ನು ತೆಗೆದು ನೋಡಿ. ಮುಳಬಾಗಿಲಿನಿಂದ ಬಂದ ಅವರು ಬಸವನಗುಡಿಯ ಹವೆಯ ಮೇಲೆ ಪ್ರಬಂಧ ಬರೆಯಲು ಹೋಗಲಿಲ್ಲ. ಅವರಿಗೆ ಮನುಷ್ಯರು ಬೇಕು. ದಿವಾನರಾಗಲಿ ವೈದಿಕರಾಗಲಿ ಸಂಗೀತಗಾರರಾಗಲಿ, ಒಬ್ಬರು ಒಂದು ದಿನ ಒಂದು ಮಾತು ಆಡಿದರು, ಇನ್ನೊಬ್ಬರು ಅದಕ್ಕೆ ಹೀಗೆ ಉತ್ತರ ಕೊಟ್ಟರು. ಕ್ರಿಯಾಪದ ಖಚಿತವಾದ್ದರಿಂದ ಊರೂ ಖಚಿತವಾಗಿ ನಿಲ್ಲುತ್ತದೆ. ಆ ಚಿತ್ರಶಾಲೆಗೂ ಗೋಡೆಗಳುಂಟು. ಅದರಲ್ಲಿ ತೂಗುಹಾಕಿದ ಚಿತ್ರಗಳು ಬಹುಮಟ್ಟಿಗೆ ಒಂದು ವಲಯದವು. ಆದರೆ ಅದನ್ನು ಅವರು ಇಡೀ ಊರೆಂದು ಮಾರಲು ಹೊರಡಲಿಲ್ಲ.

ಆ ಗೋಡೆಯ ಆಚೆಯನ್ನು ತೋರಿಸಿದ ಪುಸ್ತಕ ಸಿದ್ಧಲಿಂಗಯ್ಯನವರ ‘ಊರುಕೇರಿ’. ಮಾಗಡಿಯ ಕಡೆಯ ಮಂಚನಬೆಲೆಯಿಂದ ಬಂದ ದಲಿತ ಕುಟುಂಬದ ಹುಡುಗ ಕಂಡ ಬೆಂಗಳೂರು ಅದು. ಶ್ರೀರಾಮಪುರದ ಇಕ್ಕಟ್ಟಿನ ಬದುಕು, ಹಸಿವು, ಹಾಸ್ಟೆಲು, ಕುಳಿತು ಓದಲು ನೆಮ್ಮದಿ ಕೊಡುವ ಸ್ಮಶಾನ. ನಮ್ಮ ಸ್ಮರಣಸಂಚಿಕೆಗಳ ಕಲ್ಲುಬೆಂಚಿನ ಪಕ್ಕದಲ್ಲಿ ಈ ಸ್ಮಶಾನವನ್ನಿಟ್ಟು ನೋಡಬೇಕು. ಆಶ್ಚರ್ಯವೆಂದರೆ, ಅಳುವುದಕ್ಕೆ ಎಲ್ಲ ಕಾರಣಗಳೂ ಇದ್ದ ಈ ಲೇಖಕ ಪುಟಪುಟದಲ್ಲಿಯೂ ನಗಿಸುತ್ತಾರೆ. ಅವರ ನಗೆಯಲ್ಲಿ ಕಹಿಯನ್ನು ಮುಚ್ಚಿಡುವ ಹವಣಿಕೆಯಿಲ್ಲ. ಅವಮಾನಿಸಿದವನನ್ನೂ ಅವಮಾನಗೊಂಡವನನ್ನೂ ಒಂದೇ ದೃಷ್ಟಿಯಲ್ಲಿ ಹಿಡಿಯುವ ಧೈರ್ಯವಿದೆ. ಬೆಂಗಳೂರನ್ನು ಕುರಿತ ಕನ್ನಡ ಗದ್ಯದಲ್ಲಿ ನನಗೆ ಇದರಷ್ಟು ಪ್ರಿಯವಾದ ಪುಸ್ತಕ ಬೇರೆ ಇಲ್ಲ.

ವಿವೇಕ ಶಾನಭಾಗರ ‘ಘಾಚರ್ ಘೋಚರ್’ 2013ರಲ್ಲಿ ಬಂದಿತು. ಅದು ನೆನಪಿನ ಬರಹವಲ್ಲ, ಕಾದಂಬರಿ. ಆದರೆ ಹಳಹಳಿಕೆಯ ಒಳಮನೆಯನ್ನು ಅದರಷ್ಟು ಚೆನ್ನಾಗಿ ಶೋಧಿಸಿದ ವಿಮರ್ಶೆಯೂ ಇರಲಾರದು. ಮಸಾಲೆಪುಡಿಯ ವ್ಯಾಪಾರದಿಂದ ಹಣ ಕಂಡ ಕುಟುಂಬ, ರೈಲಿನ ಬೋಗಿಗಳಂತೆ ಒಂದರ ಹಿಂದೊಂದು ಕೋಣೆಗಳಿದ್ದ, ಇರುವೆ ಮುತ್ತುತ್ತಿದ್ದ ಚಿಕ್ಕ ಮನೆಯನ್ನು ಬಿಟ್ಟು ದೊಡ್ಡ ಮನೆಗೆ ಹೋಗುತ್ತದೆ. ಕಥೆ ಹೇಳುವ ಮಗ ಹಳೆಯ ಮನೆಯ ಒಗ್ಗಟ್ಟನ್ನು ಅಕ್ಕರೆಯಿಂದ ನೆನೆಯುತ್ತಾನೆ. ಓದುಗನೂ ಕೆಲಹೊತ್ತು ಕರಗುತ್ತಾನೆ. ಆಮೇಲೆ ಬಾಗಿಲಿಗೆ ಬಂದ ಒಬ್ಬ ಹೆಂಗಸನ್ನು ಆ ಮನೆಯವರು ಅಟ್ಟಿದ ರೀತಿ ಕಂಡಾಗ, ಆ ಒಗ್ಗಟ್ಟು ಎಂಥದೆಂದು ತಿಳಿದು ಎದೆ ತಣ್ಣಗಾಗುತ್ತದೆ. ಬಡತನದಲ್ಲಿ ‘ನಾವು’ ಎಂದು ಅಂಟಿಕೊಂಡದ್ದೇ ಹಣ ಬಂದಮೇಲೆ ಹೊರಗಿನವಳ ಮೇಲೆ ಹಲ್ಲು ಮಸೆಯುತ್ತದೆ. ನೆನೆಯುವ ಮಗನೋ ಏನೂ ಮಾಡದೆ ಕಾಫಿ ಹೌಸಿನಲ್ಲಿ ಕುಳಿತಿರುತ್ತಾನೆ.

ಪುಸ್ತಕಗಳ ಮಾತಿನ ನಡುವೆ ಕರಗದ ಮಾತು ಬಂದರೆ ವಾಚಕರು ಕ್ಷಮಿಸಬೇಕು; ಅದೂ ಊರನ್ನು ನೆನೆಯುವ ಒಂದು ಬಗೆಯೇ. ಚೈತ್ರದ ಹುಣ್ಣಿಮೆಯ ರಾತ್ರಿ ತಿಗಳರ ಕುಲದವರು ಧರ್ಮರಾಯಸ್ವಾಮಿ ಗುಡಿಯಿಂದ ಹೊತ್ತು ತರುವ ಕರಗ ಹಳೆಯ ಪೇಟೆಯ ಬೀದಿಗಳನ್ನೆಲ್ಲ ಸುತ್ತುತ್ತದೆ. ಕಾಟನ್‌ಪೇಟೆಯ ಮಸ್ತಾನ್ ಸಾಹೇಬರ ದರ್ಗಾದ ಮುಂದೆಯೂ ನಿಲ್ಲುತ್ತದೆ. ಕೆರೆ ಕುಂಟೆಗಳನ್ನು ನಂಬಿ ತೋಟ ಮಾಡಿದ ಜನ ಅವರು. ಸಂಪಂಗಿ ಕೆರೆ ಹೋಗಿ ಕ್ರೀಡಾಂಗಣದ ಮಗ್ಗುಲಲ್ಲಿ ಒಂದು ಕೊಳದಷ್ಟು ಉಳಿದಿದೆ. ಕರಗದ ವಿಧಿಗಳು ಇಂದಿಗೂ ಆ ನೀರನ್ನು ಬಿಟ್ಟಿಲ್ಲ. ಕೆರೆಯನ್ನು ಕಳೆದುಕೊಂಡು ನಿಜವಾಗಿ ಕೆಟ್ಟವರು ಅವರು. ಅವರು ಪ್ರಬಂಧ ಬರೆಯಲಿಲ್ಲ, ವರ್ಷಕ್ಕೊಮ್ಮೆ ನಡೆದುಹೋಗಿ ಬರುತ್ತಾರೆ.

ಇಷ್ಟೆಲ್ಲ ತಕರಾರು ಏಕೆ, ಮುದುಕರು ನೆನೆದು ಸುಖಪಡಲಿ ಬಿಡಿ ಎನ್ನುವವರುಂಟು. ಸುಖಪಡಲಿ. ಆದರೆ ಈ ಗದ್ಯವನ್ನು ಓದಿ ಬೆಳೆಯುವವರು ಮುದುಕರಲ್ಲ. ಎರಡು ವರ್ಷದ ಹಿಂದೆ ಪದವಿ ತರಗತಿಗೆ ‘ನನ್ನ ಬೆಂಗಳೂರು’ ಎಂಬ ಪ್ರಬಂಧ ಬರೆಯಲು ಹೇಳಿದ್ದೆ. ಎಂಬತ್ತು ಮಂದಿಯ ತರಗತಿ. ಮುಕ್ಕಾಲುಪಾಲು ಮಕ್ಕಳ ತಂದೆತಾಯಿ ಹೊರ ಜಿಲ್ಲೆಗಳಿಂದ ದುಡಿಮೆಗೆ ಬಂದವರು. ಕಲ್ಯಾಣ ಕರ್ನಾಟಕದ ಕಡೆಯಿಂದ ಬಂದ ಗಾರೆ ಕೆಲಸದವರೊಬ್ಬರ ಮಗಳು, ಈ ಶತಮಾನದಲ್ಲಿ ಹುಟ್ಟಿದವಳು, ತನ್ನ ಪ್ರಬಂಧವನ್ನು ಫ್ಯಾನು ಬೇಕಾಗಿರಲಿಲ್ಲವೆಂಬ ವಾಕ್ಯದಿಂದ ಆರಂಭಿಸಿದ್ದಳು. ಜಟಕಾ ಗಾಡಿಯೂ ಬಂದಿತ್ತು. ಊರು ಎಂದರೆ ಹೀಗೆಯೇ ಬರೆಯಬೇಕೆಂದು ಅವಳಿಗೆ ಪತ್ರಿಕೆಗಳೂ ಪಠ್ಯಗಳೂ ಕಲಿಸಿದ್ದವು. ಅವಳು ಕಂಡ ಬೆಂಗಳೂರಿಗೆ ಕನ್ನಡದಲ್ಲಿ ಜಾಗವಿದೆ ಎಂದು ಯಾರೂ ಹೇಳಿರಲಿಲ್ಲ.

ಜಟಕಾ ನೋಡಿದ್ದೀಯಾ ಅಮ್ಮ ಎಂದು ಕೇಳಿದೆ. ಇಲ್ಲ ಸಾರ್ ಎಂದಳು. ನೋಡಿದ್ದನ್ನು ಬರೆದುಕೊಂಡು ಬಾ ಎಂದೆ. ಎರಡು ವಾರ ಬಿಟ್ಟು ನಾಲ್ಕು ಹಾಳೆ ತಂದುಕೊಟ್ಟಳು. ತಾವು ಶೆಡ್ಡು ಹಾಕಿಕೊಂಡು ವಾಸವಿದ್ದ ಕಟ್ಟಡಗಳ ಹೆಸರುಗಳು, ಗೋಡೆ ಏಳುವ ಮೊದಲು ಮಳೆಗಾಲದಲ್ಲಿ ಯಾವ ಮಹಡಿಯಲ್ಲಿ ಮಲಗಿದರು, ಕಟ್ಟಡ ಮುಗಿದ ಮೇಲೆ ಅದೇ ಗೇಟಿನಲ್ಲಿ ಕಾವಲುಗಾರ ತಾಯಿಯನ್ನು ಏನೆಂದು ಕೇಳಿದ. ಕಾಗುಣಿತದ ತಪ್ಪುಗಳು ಬೇಕಾದಷ್ಟಿದ್ದವು. ತಿದ್ದಿ, ಇಲಾಖೆಯ ಭಿತ್ತಿಪತ್ರಿಕೆಗೆ ಹಾಕಿಸಿದೆ.